ಹಳೆಯ ಯಂತ್ರಕ್ಕೆ ಹೊಸ ಮಿದುಳು



ಒಂದು ಸಣ್ಣ ಲೆಕ್ಕದಿಂದ ಆರಂಭಿಸೋಣ. ಒಳ್ಳೆಯ ಲೇತ್ ಯಂತ್ರವೊಂದು, ಕಾಗದದ ಕಾರ್ಖಾನೆಯ ಉರುಳೆಯೊಂದು ಅಥವಾ ಜಲವಿದ್ಯುತ್ ಕೇಂದ್ರದ ಟರ್ಬೈನೊಂದು ಎಷ್ಟು ವರ್ಷ ಬಾಳುತ್ತದೆ? ಹೊತ್ತಿಗೆ ಸರಿಯಾಗಿ ಎಣ್ಣೆ ಹಾಕಿ, ಸವೆದ ಬೇರಿಂಗುಗಳನ್ನು ಬದಲಾಯಿಸಿ ನೋಡಿಕೊಂಡರೆ 40 ಅಥವಾ 50 ವರ್ಷ ದುಡಿಯುವುದು ಅಪರೂಪವೇನಲ್ಲ. ನಿಮ್ಮ ಕಾಲೇಜಿನ ಕಂಪ್ಯೂಟರ್? ಅದಕ್ಕೆ 10 ವರ್ಷ ತುಂಬಿದರೆ ಮುಪ್ಪು ಬಂತೆನ್ನುತ್ತೇವೆ. ಈಗ ಆ ದೀರ್ಘಾಯುಷಿ ಯಂತ್ರವನ್ನು ಇಂಥ ಅಲ್ಪಾಯುಷಿ ಕಂಪ್ಯೂಟರೇ ನಡೆಸುತ್ತಿದೆ ಎಂದು ಭಾವಿಸಿಕೊಳ್ಳಿ. ಯಂತ್ರದ ಆಯುಷ್ಯ ಮುಗಿಯುವುದರೊಳಗೆ ಅದರ ಮಿದುಳನ್ನು ಎರಡು ಮೂರು ಬಾರಿಯಾದರೂ ಬದಲಾಯಿಸಬೇಕಾಗುತ್ತದೆ.

ಈ ಬದಲಾವಣೆಯ ಚರಿತ್ರೆಯೇ ಈ ಲೇಖನದ ವಿಷಯ. ತಂತ್ರಜ್ಞಾನದ ಚರಿತ್ರೆ ಎಂದರೆ ಯಾರು ಯಾವಾಗ ಏನನ್ನು ಕಂಡುಹಿಡಿದರು ಎಂಬ ಪಟ್ಟಿ ಎಂದು ನಾವು ಓದುತ್ತ ಬಂದಿದ್ದೇವೆ. ಕಂಡುಹಿಡಿದದ್ದನ್ನು ವರ್ಷಾನುಗಟ್ಟಲೆ ನಡೆಸಿಕೊಂಡು ಹೋಗುವುದು ಹೇಗೆ ಎಂಬ ಪ್ರಶ್ನೆಗೂ ಒಂದು ಚರಿತ್ರೆ ಇದೆ. ಅದು ನಮಗೆ ಕಲಿಸುವ ಪಾಠ ಒಂದೇ: ಕೆಟ್ಟ ಕಂಪ್ಯೂಟರನ್ನು ತೆಗೆದು ಹೊಸದನ್ನು ಕೂರಿಸುವುದು ಸುಲಭ, ಹಳೆಯ ಕಂಪ್ಯೂಟರಿಗೆ ಏನೇನು ಗೊತ್ತಿತ್ತು ಎಂಬುದನ್ನು ತಿಳಿದುಕೊಳ್ಳುವುದು ಕಷ್ಟ.

ಮಗ್ಗದಿಂದ ಮೊದಲಾದದ್ದು

ಯಂತ್ರದ ದೇಹ ಬೇರೆ, ಅದಕ್ಕೆ ಕೊಡುವ ಆಜ್ಞೆ ಬೇರೆ ಎಂಬ ವಿಚಾರ ಕಂಪ್ಯೂಟರಿಗಿಂತ ಬಹಳ ಹಳೆಯದು. ಫ್ರಾನ್ಸಿನ ಲಿಯೋನ್ ನಗರದ ರೇಷ್ಮೆ ಮಗ್ಗಗಳಲ್ಲಿ 1725ರಲ್ಲಿಯೇ ಬಸೀಲ್ ಬುಷೋನ್ ಎಂಬಾತ ರಂಧ್ರಗಳಿದ್ದ ಕಾಗದದ ಸುರುಳಿಯನ್ನು ಬಳಸಿದ. 1804ರ ಹೊತ್ತಿಗೆ ಜೋಸೆಫ್ ಮಾರಿ ಜಕಾರ್ ಈ ವಿಧಾನವನ್ನು ಪರಿಷ್ಕರಿಸಿ, ದಾರದಿಂದ ಪೋಣಿಸಿದ ರಟ್ಟುಗಳ ಮಾಲೆಯಿಂದ ನಡೆಯುವ ಮಗ್ಗವನ್ನು ತಯಾರಿಸಿದ. ಒಂದು ರಟ್ಟು ಎಂದರೆ ಹೊಕ್ಕಿನ ಒಂದು ಎಳೆ. ರಟ್ಟಿನಲ್ಲಿ ರಂಧ್ರವಿದ್ದ ಕಡೆ ಕೊಕ್ಕೆ ಮೇಲೇಳುತ್ತದೆ, ಅದರೊಡನೆ ಹಾಸಿನ ಎಳೆಯೂ ಮೇಲೇಳುತ್ತದೆ. ರಂಧ್ರವಿಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ. ರಟ್ಟಿನ ಮಾಲೆ ಬದಲಾಯಿಸಿದರೆ ಸೀರೆಯ ಚಿತ್ತಾರ ಬದಲಾಗುತ್ತದೆ, ಮಗ್ಗ ಅದೇ ಇರುತ್ತದೆ. ನಮ್ಮ ನೇಕಾರರ ಮನೆಗಳಲ್ಲಿ ಮಗ್ಗದ ಮೇಲೆ ಇಂಥ ರಟ್ಟಿನ ಮಾಲೆ ತೂಗಾಡುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ.

1983ರಲ್ಲಿ ಇಟಲಿಯ ಮಿಲಾನ್ ನಗರದ ಜವಳಿ ಯಂತ್ರಗಳ ಪ್ರದರ್ಶನದಲ್ಲಿ ಇಂಗ್ಲೆಂಡಿನ ಬೋನಾಸ್ ಎಂಬ ಕಂಪನಿ ರಟ್ಟಿಲ್ಲದ ಜಕಾರ್ಡನ್ನು ತೋರಿಸಿತು. ರಂಧ್ರಗಳ ಕೆಲಸವನ್ನು ಅದರಲ್ಲಿ ವಿದ್ಯುತ್ಕಾಂತಗಳು ಮಾಡುತ್ತಿದ್ದವು. ಇಂದು ಹಳೆಯ ಮಗ್ಗದ ಮೇಲೆಯೇ ಇಂಥ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಕೂರಿಸಿ ನೇಯುವುದುಂಟು. ಇದು ಸಾಧ್ಯವಾಗುವುದು ಏಕೆ ಎಂಬುದನ್ನು ಗಮನಿಸಿ. ರಟ್ಟಿಗೂ ಮಗ್ಗಕ್ಕೂ ನಡುವೆ ನಡೆಯುವ ಮಾತು ಎರಡೇ: ‘ಎತ್ತು’, ‘ಬಿಡು’. ಮಿದುಳಿಗೂ ದೇಹಕ್ಕೂ ನಡುವಣ ಗಡಿ ಸ್ಪಷ್ಟವಾಗಿದ್ದರೆ ಮಿದುಳನ್ನು ಬದಲಾಯಿಸುವುದು ಸುಲಭ. ಆ ಗಡಿ ಮಸುಕಾದಾಗಲೇ ತೊಂದರೆ ಶುರುವಾಗುತ್ತದೆ.

ಕಾರ್ಖಾನೆಗೆ ಕಾಲಿಟ್ಟ ಕಂಪ್ಯೂಟರ್

ಲೋಹ ಕತ್ತರಿಸುವ ಯಂತ್ರಕ್ಕೆ ವಿದ್ಯುನ್ಮಾನ ನಿಯಂತ್ರಣ ಬಂದದ್ದು 1952ರಲ್ಲಿ. ಅಮೆರಿಕದ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಎಂಜಿನಿಯರುಗಳು ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಹೈಡ್ರೊಟೆಲ್ ಎಂಬ ಮಿಲ್ಲಿಂಗ್ ಯಂತ್ರವನ್ನು ತೆಗೆದುಕೊಂಡು, ಅದಕ್ಕೆ 292 ನಿರ್ವಾತ ನಳಿಕೆಗಳಿದ್ದ ನಿಯಂತ್ರಕವನ್ನು ಜೋಡಿಸಿದರು. ರಂಧ್ರವಿದ್ದ ಕಾಗದದ ಪಟ್ಟಿಯ ಮೂಲಕ ಆಜ್ಞೆ ಕೊಡುತ್ತಿದ್ದರು. ಎಂದರೆ, ಸಂಖ್ಯಾ ನಿಯಂತ್ರಣದ ಮೊದಲ ಯಂತ್ರವೇ ಇದ್ದ ದೇಹಕ್ಕೆ ಹೊಸ ಮಿದುಳು ಕೂರಿಸಿದ ಪ್ರಯೋಗವಾಗಿತ್ತು.

ರಾಸಾಯನಿಕ ಕಾರ್ಖಾನೆಗಳ ಸರದಿ ಆಮೇಲೆ ಬಂತು. 1959ರ ಮಾರ್ಚ್‌ನಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಪೋರ್ಟ್ ಆರ್ಥರ್‌ನಲ್ಲಿದ್ದ ಟೆಕ್ಸಾಕೊ ತೈಲ ಶುದ್ಧೀಕರಣಾಗಾರದಲ್ಲಿ ಆರ್‌ಡಬ್ಲ್ಯು-300 ಎಂಬ ಕಂಪ್ಯೂಟರ್ ಕೆಲಸಕ್ಕೆ ನಿಂತಿತು. ಒಂದು ಘಟಕದ 26 ಹರಿವುಗಳು, 72 ಉಷ್ಣತೆಗಳು, 3 ಒತ್ತಡಗಳು ಮತ್ತು 3 ಮಿಶ್ರಣಗಳು ಅದರ ಸುಪರ್ದಿಗೆ ಬಂದವು. ಆ ಕಾಲದ ಕಂಪ್ಯೂಟರುಗಳು 50ರಿಂದ 100 ಗಂಟೆಗೊಮ್ಮೆ ಕೆಡುತ್ತಿದ್ದವು. ಹೀಗಾಗಿ ಎಂಜಿನಿಯರುಗಳು ಒಂದು ಜಾಣ್ಮೆ ಮಾಡಿದರು. ಮೊದಲಿನಿಂದಲೂ ಇದ್ದ ಸಣ್ಣ ಸಣ್ಣ ನಿಯಂತ್ರಕಗಳನ್ನು ಹಾಗೆಯೇ ಉಳಿಸಿಕೊಂಡು, ಅವುಗಳಿಗೆ ‘ಇಷ್ಟು ಉಷ್ಣತೆ ಇರಲಿ, ಇಷ್ಟು ಹರಿವು ಇರಲಿ’ ಎಂದು ಸೂಚನೆ ಕೊಡುವ ಕೆಲಸವನ್ನಷ್ಟೇ ಕಂಪ್ಯೂಟರಿಗೆ ವಹಿಸಿದರು. ಅದು ಮೇಸ್ತ್ರಿಯಂತೆ, ಮೇಸ್ತ್ರಿ ಒಂದು ದಿನ ಬಾರದಿದ್ದರೂ ಕೂಲಿಗಳು ನಿನ್ನೆಯ ಕೆಲಸವನ್ನು ಮುಂದುವರಿಸಬಲ್ಲರು.

1962ರಲ್ಲಿ ಇಂಗ್ಲೆಂಡಿನ ಫ್ಲೀಟ್‌ವುಡ್ ಎಂಬಲ್ಲಿ, ಐಸಿಐ ಕಂಪನಿಯ ಸೋಡಾ ಆಷ್ ಕಾರ್ಖಾನೆಯಲ್ಲಿ, ಇನ್ನೊಂದು ಹೆಜ್ಜೆ ಇಟ್ಟರು. ಫೆರಾಂಟಿ ಆರ್ಗಸ್ ಎಂಬ ಕಂಪ್ಯೂಟರ್ 224 ಅಳತೆಗಳನ್ನು ತೆಗೆದುಕೊಂಡು 129 ವಾಲ್ವುಗಳನ್ನು ತಾನೇ ನೇರವಾಗಿ ತೆರೆದು ಮುಚ್ಚತೊಡಗಿತು. ನಡುವಣ ಹಳೆಯ ನಿಯಂತ್ರಕಗಳು ಹೋದವು. ಖರ್ಚು, ಜಾಗ, ತೊಡಕು ಎಲ್ಲ ಕಡಿಮೆಯಾಯಿತು ನಿಜ. ಆದರೆ ಇಲ್ಲಿ ಕಂಪ್ಯೂಟರ್ ಮೇಸ್ತ್ರಿಯೂ ಆಯಿತು, ಕೂಲಿಯೂ ಆಯಿತು. ಅದು ನಿಂತರೆ ವಾಲ್ವಿಗೆ ಆಜ್ಞೆ ಕೊಡುವವರು ಯಾರೂ ಇಲ್ಲ.

ವರ್ಷವರ್ಷವೂ ತಂತಿ ಕೀಳುವ ಕಷ್ಟ

ಮುಂದಿನ ದಶಕದಲ್ಲಿ ಎರಡು ಮಹತ್ತ್ವದ ಘಟನೆಗಳು ನಡೆದವು. 1965ರಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 18,000 ಡಾಲರ್ ಬೆಲೆಗೆ ಪಿಡಿಪಿ-8 ಎಂಬ ಸಣ್ಣ ಕಂಪ್ಯೂಟರನ್ನು ತಂದಿತು. 1970ರಲ್ಲಿ ಪಿಡಿಪಿ-11 ಬಂತು. ಪ್ರಯೋಗಾಲಯ, ಉಕ್ಕಿನ ಕಾರ್ಖಾನೆ, ಪರಮಾಣು ವಿದ್ಯುತ್ ಕೇಂದ್ರ ಎಲ್ಲ ಕಡೆಗೂ ಇವು ಹೊಕ್ಕವು.

ಎರಡನೆಯದು ಮೋಟಾರು ಕಾರಿನ ಕಾರ್ಖಾನೆಯಲ್ಲಿ ನಡೆದದ್ದು. ಆಗ ಜೋಡಣೆಯ ಸಾಲಿನ ಯಂತ್ರಗಳನ್ನು ನೂರಾರು ರಿಲೇಗಳು ನಡೆಸುತ್ತಿದ್ದವು. ರಿಲೇ ಎಂದರೆ ವಿದ್ಯುತ್ ಹರಿದಾಗ ‘ಟಿಕ್’ ಎಂದು ಕೂಡಿಕೊಳ್ಳುವ ಸ್ವಿಚ್ಚು. ಕಾರಿನ ಮಾದರಿ ಬದಲಾದಾಗಲೆಲ್ಲ ಇವುಗಳ ತಂತಿಗಳನ್ನು ಕಿತ್ತು ಮತ್ತೆ ಕಟ್ಟಬೇಕಾಗಿತ್ತು. 1968ರಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಹೈಡ್ರಾಮ್ಯಾಟಿಕ್ ವಿಭಾಗ ಈ ಗೋಳಿಗೆ ಪರಿಹಾರ ಕೇಳಿತು. ಕಾರ್ಖಾನೆಯ ಧೂಳು, ಶಾಖವನ್ನು ತಡೆಯಬೇಕು. ತಂತಿ ಮುಟ್ಟದೆ ಆಜ್ಞೆ ಬದಲಾಯಿಸಲು ಬರಬೇಕು. ಆ ಕೆಲಸ ಕಾರ್ಖಾನೆಯ ನೌಕರರಿಗೇ ಸಾಧ್ಯವಾಗಬೇಕು. ಡಿಕ್ ಮಾರ್ಲಿ ಮತ್ತು ಸಂಗಡಿಗರ ಬೆಡ್‌ಫರ್ಡ್ ಅಸೋಸಿಯೇಟ್ಸ್ 1969ರಲ್ಲಿ ಇದಕ್ಕೆ ತಕ್ಕ ಪೆಟ್ಟಿಗೆಯನ್ನು ಒದಗಿಸಿತು. ಅದು ಆ ಸಂಸ್ಥೆಯ 84ನೆಯ ಕೆಲಸವಾದ್ದರಿಂದ ಅದಕ್ಕೆ ‘ಮೋಡಿಕಾನ್ 084’ ಎಂದು ಹೆಸರಾಯಿತು. ಇಂದು ಪಿಎಲ್‌ಸಿ ಎಂದು ಕರೆಯುವ ನಿಯಂತ್ರಕಗಳ ಮೂಲಪುರುಷ ಇದೇ.

ಇದರ ಆಜ್ಞೆಗಳನ್ನು ಬರೆಯಲು ಆರಿಸಿಕೊಂಡ ಭಾಷೆಯನ್ನು ನೋಡಿ. ಎಲೆಕ್ಟ್ರಿಷಿಯನ್ನರು ರಿಲೇಗಳ ಜೋಡಣೆಗೆ ಬರೆಯುತ್ತಿದ್ದ, ಏಣಿಯ ಮೆಟ್ಟಿಲುಗಳಂತೆ ಕಾಣುವ ಚಿತ್ರವನ್ನೇ ಹೊಸ ಯಂತ್ರದ ಭಾಷೆಯಾಗಿ ಉಳಿಸಿಕೊಂಡರು. ಇದನ್ನು ಲ್ಯಾಡರ್ ಡಯಾಗ್ರಾಮ್ ಎನ್ನುತ್ತಾರೆ. ಮಿದುಳು ಬದಲಾದರೂ ಹಳೆಯ ಕೆಲಸಗಾರನ ತಿಳಿವಳಿಕೆ ವ್ಯರ್ಥವಾಗಲಿಲ್ಲ. ಜನರಲ್ ಮೋಟಾರ್ಸ್‌ನಲ್ಲಿದ್ದ ಮೊದಮೊದಲ 084 ಒಂದು ಸುಮಾರು 20 ವರ್ಷ ಎಡೆಬಿಡದೆ ದುಡಿದು ನಿವೃತ್ತಿ ಹೊಂದಿತು.

ಮುಪ್ಪು ಹೇಗೆ ಬರುತ್ತದೆ?

ಕಂಪ್ಯೂಟರಿಗೆ ಮುಪ್ಪು ಹಲವು ದಾರಿಗಳಿಂದ ಬರುತ್ತದೆ. ವಿದ್ಯುತ್ ಪೂರೈಸುವ ಭಾಗದಲ್ಲಿರುವ ಕೆಪಾಸಿಟರುಗಳೊಳಗಿನ ದ್ರವ ಬಿಸಿಗೆ ನಿಧಾನವಾಗಿ ಆರುತ್ತದೆ. ಪ್ಲಗ್ಗುಗಳ ಲೋಹಕ್ಕೆ ಕಿಲುಬು ಹಿಡಿಯುತ್ತದೆ. ಹಲವು ನಿಯಂತ್ರಕಗಳಲ್ಲಿ ಪ್ರೋಗ್ರಾಮನ್ನು ಕಾಪಾಡುವುದು ಒಂದು ಸಣ್ಣ ಬ್ಯಾಟರಿ. ಅದು ಮುಗಿದ ಮೇಲೆ ವಿದ್ಯುತ್ ಹೋದರೆ ಯಂತ್ರ ತನ್ನ ಕೆಲಸವನ್ನೇ ಮರೆತುಬಿಡುತ್ತದೆ. ಫ್ಲಾಪಿ ಡಿಸ್ಕಿನ ಕಾಂತೀಯ ಲೇಪ ಸವೆಯುತ್ತದೆ. ಇಷ್ಟರಲ್ಲಿ ಬಿಡಿಭಾಗ ಮಾಡುತ್ತಿದ್ದ ಕಂಪನಿಯೇ ಇಲ್ಲವಾಗಿರುತ್ತದೆ. ಪಿಡಿಪಿ ಸರಣಿಯ ಡಿಜಿಟಲ್ ಕಂಪನಿಯನ್ನು 1998ರಲ್ಲಿ ಇನ್ನೊಂದು ಕಂಪನಿ ಕೊಂಡುಕೊಂಡಿತು.

ಎಲ್ಲಕ್ಕಿಂತ ದೊಡ್ಡ ಮುಪ್ಪು ಬರುವುದು ಮನುಷ್ಯರ ನೆನಪಿಗೆ. ಇದಕ್ಕೊಂದು ಒಳ್ಳೆಯ ನಿದರ್ಶನ ಅಮೆರಿಕದ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ಪಟ್ಟಣದಲ್ಲಿ ಸಿಗುತ್ತದೆ. ಅಲ್ಲಿನ 19 ಸರ್ಕಾರಿ ಶಾಲೆಗಳ ಬಾಯ್ಲರು, ಫ್ಯಾನು, ಪಂಪುಗಳನ್ನು 1980ರ ದಶಕದಲ್ಲಿ ಕೊಂಡ ಒಂದೇ ಒಂದು ಕೊಮೊಡೋರ್ ಅಮಿಗಾ ಕಂಪ್ಯೂಟರ್ ನಡೆಸುತ್ತಿತ್ತು. ಅದು ಬಂದಾಗ ಅದಕ್ಕಿಂತ ಹಿಂದಿನ, ಫ್ರಿಜ್ಜಿನಷ್ಟು ದೊಡ್ಡ ಕಂಪ್ಯೂಟರೊಂದರ ಜಾಗವನ್ನು ಆಕ್ರಮಿಸಿಕೊಂಡಿತ್ತು. ಪ್ರೋಗ್ರಾಮು ಬರೆದವನು ಯಾರು ಗೊತ್ತೇ? ಆಗ ಪ್ರೌಢಶಾಲೆಯಲ್ಲಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿ! ಕಂಪ್ಯೂಟರಿನ ಆಜ್ಞೆ ರೇಡಿಯೊ ಅಲೆಗಳ ಮೂಲಕ ಶಾಲೆಗಳಿಗೆ ಹೋಗುತ್ತಿತ್ತು. ದುರಸ್ತಿ ಸಿಬ್ಬಂದಿಯ ವಾಕಿಟಾಕಿಗಳೂ ಅದೇ ತರಂಗಾಂತರದಲ್ಲಿ ಇದ್ದುದರಿಂದ ಒಮ್ಮೊಮ್ಮೆ ಅವರು ಮಾತು ನಿಲ್ಲಿಸಿ ಕಂಪ್ಯೂಟರಿಗೆ ದಾರಿ ಬಿಡಬೇಕಾಗುತ್ತಿತ್ತು.

ಕೊಮೊಡೋರ್ ಕಂಪನಿ 1994ರಲ್ಲಿ ದಿವಾಳಿಯಾಯಿತು. ಅಮಿಗಾ ಮಾತ್ರ 2015ರಲ್ಲಿಯೂ ನಡೆಯುತ್ತಿತ್ತು. ತೊಂದರೆ ಬಂದರೆ ಅದೇ ಊರಿನಲ್ಲಿದ್ದ ಆ ಹಳೆಯ ವಿದ್ಯಾರ್ಥಿಗೇ ಹೇಳಿಕಳುಹಿಸುತ್ತಿದ್ದರು. ಹೊಸ ವ್ಯವಸ್ಥೆಗೆ 15ರಿಂದ 20 ಲಕ್ಷ ಡಾಲರ್ ಬೇಕೆಂದು ಆ ವರ್ಷ ಅಂದಾಜು ಮಾಡಿದರು. ಸುದ್ದಿ ಓದಿದವರು ನಕ್ಕರು. ನಾವು ನಗುವ ಮೊದಲು ಒಂದು ಮಾತು ಕೇಳಿಕೊಳ್ಳೋಣ. ಆ ವಿದ್ಯಾರ್ಥಿ ಊರು ಬಿಟ್ಟು ಹೋಗಿದ್ದರೆ? ಆ 19 ಶಾಲೆಗಳ ಬೆಚ್ಚನೆಯ ಕೊಠಡಿಗಳು ಒಬ್ಬನ ನೆನಪಿನ ಮೇಲೆ ನಿಂತಿದ್ದವು.

ಕೆನಡಾದಲ್ಲಿ ಇದೇ ಪ್ರಶ್ನೆಗೆ ಬೇರೆ ಉತ್ತರ ಹುಡುಕಿದರು. ಅಲ್ಲಿನ ಪರಮಾಣು ವಿದ್ಯುತ್ ಕೇಂದ್ರಗಳ ಯಂತ್ರಗಳನ್ನು ನಡೆಸುವ ಪಿಡಿಪಿ-11 ಕಂಪ್ಯೂಟರುಗಳನ್ನು 2050ರವರೆಗೂ ಉಳಿಸಿಕೊಳ್ಳುವ ಯೋಜನೆಗಾಗಿ ಜನರಲ್ ಎಲೆಕ್ಟ್ರಿಕ್‌ನ ಕೆನಡಾ ಶಾಖೆ 2013ರಲ್ಲಿ ಪ್ರೋಗ್ರಾಮರುಗಳನ್ನು ಹುಡುಕುತ್ತಿತ್ತು. 1970ರ ಕಂಪ್ಯೂಟರಿನ ಭಾಷೆಯನ್ನು ಹೊಸ ತಲೆಮಾರಿಗೆ ಕಲಿಸುವುದೇ ಇಲ್ಲಿನ ಉಪಾಯ. ಪರಮಾಣು ಕೇಂದ್ರದಲ್ಲಿ ಪ್ರತಿ ಬದಲಾವಣೆಯನ್ನೂ ಪರೀಕ್ಷಿಸಿ ಸಾಬೀತು ಮಾಡಬೇಕಾಗಿರುವುದರಿಂದ, ಚೆನ್ನಾಗಿ ನಡೆಯುತ್ತಿರುವ ಹಳೆಯದನ್ನು ಬಿಡುವುದಕ್ಕೆ ಎಂಜಿನಿಯರುಗಳು ಹಿಂಜರಿಯುತ್ತಾರೆ. ಅದು ಜಿಪುಣತನವಲ್ಲ.

ಮರೆತದ್ದರ ಬೆಲೆ

ಹಾಗೆ ಹಿಂಜರಿಯಲು ಕಾರಣವೇನೆಂದು ತಿಳಿಯಲು ಒಂದು ದುರಂತವನ್ನು ನೋಡಬೇಕು. ಇದು ಕಾರ್ಖಾನೆಯ ಯಂತ್ರದ ಕಥೆಯಲ್ಲ, ಆಸ್ಪತ್ರೆಯ ಯಂತ್ರದ ಕಥೆ. ಪಾಠ ಮಾತ್ರ ಎರಡಕ್ಕೂ ಒಂದೇ.

ಕೆನಡಾದ ಎಇಸಿಎಲ್ ಎಂಬ ಸಂಸ್ಥೆ ಕ್ಯಾನ್ಸರ್ ಚಿಕಿತ್ಸೆಗೆ ವಿಕಿರಣ ಯಂತ್ರಗಳನ್ನು ತಯಾರಿಸುತ್ತಿತ್ತು. ಥೆರಾಕ್-6 ಮತ್ತು ಥೆರಾಕ್-20 ಎಂಬ ಮೊದಲಿನ ಯಂತ್ರಗಳು ಒಂದು ಫ್ರೆಂಚ್ ಕಂಪನಿಯ ಹಳೆಯ ಯಂತ್ರಗಳನ್ನು ಆಧರಿಸಿದ್ದವು. ಅವಕ್ಕೆ ಪಿಡಿಪಿ-11 ಕಂಪ್ಯೂಟರನ್ನು ಜೋಡಿಸಲಾಗಿತ್ತು. ಹಳೆಯ ಯಂತ್ರದಲ್ಲಿದ್ದ ಯಾಂತ್ರಿಕ ರಕ್ಷಣೆಗಳು, ಎಂದರೆ ಏನಾದರೂ ತಪ್ಪಾದರೆ ತಾವಾಗಿಯೇ ವಿದ್ಯುತ್ತನ್ನು ಕಡಿಯುವ ಏರ್ಪಾಡುಗಳು, ಹಾಗೆಯೇ ಇದ್ದವು. ಆಮೇಲೆ ಬಂದ ಥೆರಾಕ್-25ರಲ್ಲಿ, ಕಂಪ್ಯೂಟರೇ ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂದು ಅಂಥ ಹಲವು ರಕ್ಷಣೆಗಳನ್ನು ಕೈಬಿಟ್ಟರು. ಪ್ರೋಗ್ರಾಮಿನ ಕೆಲವು ಭಾಗಗಳನ್ನು ಮಾತ್ರ ಹಳೆಯ ಯಂತ್ರಗಳಿಂದಲೇ ತೆಗೆದುಕೊಂಡರು.

1985ರ ಜೂನ್‌ನಿಂದ 1987ರ ಜನವರಿಯವರೆಗೆ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ತಗುಲಿತು. ಕೆಲವರು ಪ್ರಾಣ ಕಳೆದುಕೊಂಡರು. ಒಂದು ಕಾರಣ ಹೀಗಿತ್ತು: ಕೈ ಪಳಗಿದ ನಿರ್ವಾಹಕರು ಪರದೆಯ ಮೇಲಿನ ಮಾಹಿತಿಯನ್ನು ಎಂಟು ಸೆಕೆಂಡುಗಳೊಳಗೆ ತಿದ್ದಿದರೆ ಆ ತಿದ್ದುಪಡಿ ಯಂತ್ರಕ್ಕೆ ಸರಿಯಾಗಿ ಮುಟ್ಟುತ್ತಿರಲಿಲ್ಲ.

ಆಮೇಲೆ ಗೊತ್ತಾದ ಸಂಗತಿ ಇನ್ನೂ ವಿಚಾರ ಮಾಡುವಂಥದ್ದು. ಅದೇ ದೋಷ ಥೆರಾಕ್-20ರಲ್ಲಿಯೂ ಇತ್ತು! ಷಿಕಾಗೋ ವಿಶ್ವವಿದ್ಯಾಲಯದ ಚಿಕಿತ್ಸಾ ಕೇಂದ್ರದಲ್ಲಿ ಹೊಸ ವಿದ್ಯಾರ್ಥಿಗಳು ತರಬೇತಿಗೆ ಬಂದಾಗಲೆಲ್ಲ ಥೆರಾಕ್-20ರ ಫ್ಯೂಸುಗಳು ಪದೇ ಪದೇ ಹೋಗುತ್ತಿದ್ದವು. ಅವರ ಕೈ ಪಳಗಿದ ಮೇಲೆ ಕಡಿಮೆಯಾಗುತ್ತಿದ್ದವು. ವಿದ್ಯಾರ್ಥಿಗಳು ಹೇಗೆ ಹೇಗೋ ಒತ್ತಿದ ಗುಂಡಿಗಳಿಂದ ದೋಷ ಹೊರಬರುತ್ತಿತ್ತು, ಫ್ಯೂಸು ಯಾರಿಗೂ ಅಪಾಯವಾಗದಂತೆ ತಡೆಯುತ್ತಿತ್ತು.  ಹಳೆಯ ಯಂತ್ರಕ್ಕೆ ಗೊತ್ತಿದ್ದ ಒಂದು ಸತ್ಯ ಹೊಸ ಯಂತ್ರಕ್ಕೆ ದಾಟಲಿಲ್ಲ.

ಬದಲಾಯಿಸುವ ಬಗೆ

ಹಾಗಾದರೆ ಕೆಡುತ್ತಿರುವ ಕಂಪ್ಯೂಟರನ್ನು ಬದಲಾಯಿಸುವುದು ಹೇಗೆ? ಮೂರು ದಾರಿಗಳಿವೆ. ಒಂದು, ಗುಜರಿಯಿಂದಾದರೂ ಬಿಡಿಭಾಗ ತಂದು ಹಳೆಯದನ್ನೇ ರಿಪೇರಿ ಮಾಡುತ್ತ ಹೋಗುವುದು. ಎರಡು, ಹೊಸ ಕಂಪ್ಯೂಟರಿಗೆ ಹಳೆಯದರ ವೇಷ ಕಟ್ಟಿಸುವುದು. ಯಕ್ಷಗಾನದಲ್ಲಿ ಪಾತ್ರಧಾರಿ ಬದಲಾದರೂ ಪಾತ್ರ ಬದಲಾಗದಂತೆ, ಒಳಗಿನ ಚಿಪ್ಪುಗಳು ಹೊಸತಾದರೂ ಹಳೆಯ ಪ್ರೋಗ್ರಾಮು ತಾನು ಪಿಡಿಪಿ-11ರ ಮೇಲೆಯೇ ಇದ್ದೇನೆಂದು ನಂಬಿ ನಡೆಯುತ್ತದೆ. ಇದಕ್ಕೆ ಎಮ್ಯುಲೇಷನ್ ಎಂದು ಹೆಸರು. ಮೂರು, ಎಲ್ಲವನ್ನೂ ಹೊಸದಾಗಿ ಬರೆಯುವುದು. ಇದರಿಂದ ಲಾಭ ಹೆಚ್ಚು, ಅಪಾಯವೂ ಹೆಚ್ಚು.

ಯಾವ ದಾರಿ ಹಿಡಿದರೂ ಮೊದಲ ಕೆಲಸ ಒಂದೇ. ಹಳೆಯ ಕಂಪ್ಯೂಟರ್ ಬದುಕಿರುವಾಗಲೇ ಅದರ ಪ್ರೋಗ್ರಾಮಿನ ನಕಲು ತೆಗೆಯಬೇಕು. ಒಂದೊಂದು ತಂತಿಗೂ ಚೀಟಿ ಕಟ್ಟಿ, ಅದು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಬರೆದುಕೊಳ್ಳಬೇಕು. ಡ್ರಾಯಿಂಗಿನಲ್ಲಿರುವುದಕ್ಕೂ ನಿಜವಾಗಿ ಇರುವುದಕ್ಕೂ ಹೋಲಿಸಿದರೆ ವ್ಯತ್ಯಾಸ ಸಿಗುವುದೇ ಹೆಚ್ಚು. ಯಾವುದೋ ರಾತ್ರಿ ಪಾಳಿಯಲ್ಲಿ ಯಾರೋ ಹಾಕಿದ ಜಂಪರ್ ತಂತಿ ಇಪ್ಪತ್ತು ವರ್ಷಗಳಿಂದ ಅಲ್ಲಿಯೇ ಇರುತ್ತದೆ. ಅದನ್ನು ಕೀಳುವ ಮೊದಲು ಏಕೆ ಹಾಕಿದರೆಂದು ಪತ್ತೆ ಮಾಡಬೇಕು. ಯಂತ್ರವನ್ನು ದಿನವೂ ನಡೆಸುವ ಆಪರೇಟರನ್ನು ಕೂರಿಸಿಕೊಂಡು ಕೇಳಬೇಕು. ‘ಮಳೆಗಾಲದಲ್ಲಿ ಇದನ್ನು ಸ್ವಲ್ಪ ತಡವಾಗಿ ತೆರೆಯಬೇಕು ಸಾರ್’ ಎಂಬಂಥ ಮಾತು ಯಾವ ಕೈಪಿಡಿಯಲ್ಲಿಯೂ ಇರುವುದಿಲ್ಲ.

ಕಾಲದ ಲೆಕ್ಕವನ್ನೂ ಮರೆಯಬಾರದು. ಹಳೆಯ ಕಂಪ್ಯೂಟರ್ ನಿಧಾನವಾಗಿದ್ದುದರಿಂದಲೇ ಕೆಲವು ಕೆಲಸಗಳು ಸರಿಯಾದ ಅಂತರದಲ್ಲಿ ನಡೆಯುತ್ತಿರುತ್ತವೆ. ಹೊಸದು ನೂರು ಪಟ್ಟು ವೇಗವಾಗಿ ಆಜ್ಞೆ ಕೊಟ್ಟರೆ ವಾಲ್ವು ಮುಚ್ಚುವ ಮೊದಲೇ ಪಂಪು ಓಡಬಹುದು. ಆದ್ದರಿಂದ ಹೊಸ ಕಂಪ್ಯೂಟರನ್ನು ಕೆಲವು ವಾರ ಹಳೆಯದರ ಪಕ್ಕದಲ್ಲಿ ಕೂರಿಸುತ್ತಾರೆ. ಅಳತೆಗಳೆಲ್ಲ ಎರಡಕ್ಕೂ ಬರುತ್ತವೆ. ಯಂತ್ರ ಮಾತ್ರ ಹಳೆಯದರ ಮಾತನ್ನೇ ಕೇಳುತ್ತದೆ. ಎರಡರ ಉತ್ತರಗಳು ಬೇರೆಯಾದ ಕಡೆಯೆಲ್ಲ ಕಾರಣ ಹುಡುಕುತ್ತಾರೆ. ಉತ್ತರಗಳು ಹೊಂದಿಕೊಂಡ ಮೇಲೆ, ಕಾರ್ಖಾನೆ ವರ್ಷಕ್ಕೊಮ್ಮೆ ನಿಲ್ಲುವ ಸಮಯ ನೋಡಿ ಅಧಿಕಾರ ಹಸ್ತಾಂತರವಾಗುತ್ತದೆ. ಆಗಲೂ ಹಳೆಯದನ್ನು ತಕ್ಷಣ ಎಸೆಯುವುದಿಲ್ಲ. ಹಿಂದಕ್ಕೆ ಬರುವ ದಾರಿ ಕೆಲಕಾಲ ತೆರೆದೇ ಇರುತ್ತದೆ.

ಇದು ದೂರದ ದೇಶಗಳ ಸಮಸ್ಯೆ ಎಂದು ಭಾವಿಸಬೇಡಿ. 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸ್ಥಾಪನೆಯಾದ ಮೇಲೆ ಬೆಂಗಳೂರು ಯಂತ್ರೋಪಕರಣಗಳ ನಗರವಾಗಿ ಬೆಳೆಯಿತು. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಹಳೆಯ ಸಿಎನ್‌ಸಿ ಯಂತ್ರದ ಎರಕದ ದೇಹವನ್ನು ಉಳಿಸಿಕೊಂಡು, ಕೆಟ್ಟ ನಿಯಂತ್ರಕ ಮತ್ತು ಮೋಟಾರುಗಳನ್ನು ಬದಲಾಯಿಸಿಕೊಡುವುದೇ ಒಂದು ಕಸುಬು. ಅಲ್ಲಿ ಇದನ್ನು ರೆಟ್ರೋಫಿಟ್ ಎನ್ನುತ್ತಾರೆ. ಹೊಸ ಯಂತ್ರ ಕೊಳ್ಳಲಾಗದ ಸಣ್ಣ ಕಾರ್ಖಾನೆಗಳು ಇದರಿಂದ ಉಸಿರಾಡುತ್ತವೆ.

‘ಹೊಸ ನೀರು ಬಂದು ಹಳೆ ನೀರು ಕೊಚ್ಚಿಕೊಂಡು ಹೋಯಿತು’ ಎಂಬ ಗಾದೆ ನಮ್ಮಲ್ಲಿದೆ. ನೀರಿಗೆ ಅದು ಸರಿ, ಯಂತ್ರಕ್ಕೆ ಸರಿಯಲ್ಲ. ನಿಮ್ಮಲ್ಲಿ ಅನೇಕರು ಮುಂದೆ ಎಂಜಿನಿಯರುಗಳೋ ತಂತ್ರಜ್ಞರೋ ಆಗುತ್ತೀರಿ. ನೀವು ನಡೆಸುವ ಯಂತ್ರಗಳಲ್ಲಿ ಬಹುಪಾಲು ನಿಮಗಿಂತ ಹಿರಿಯರು ಕಟ್ಟಿದವಾಗಿರುತ್ತವೆ. ನೀವು ಬರೆದದ್ದನ್ನು ನಿಮಗಿಂತ ಕಿರಿಯರು ಬದಲಾಯಿಸುತ್ತಾರೆ. ಈ ವಾರ ನಿಮ್ಮ ಐಟಿಐ ಅಥವಾ ಕಾಲೇಜಿನ ವರ್ಕ್‌ಶಾಪಿಗೆ ಹೋದಾಗ ಅಲ್ಲಿನ ಅತ್ಯಂತ ಹಳೆಯ ಯಂತ್ರ ಯಾವುದೆಂದು ಕೇಳಿ. ಅದರ ಡ್ರಾಯಿಂಗ್ ಎಲ್ಲಿದೆ, ಅದನ್ನು ಚೆನ್ನಾಗಿ ಬಲ್ಲವರು ಯಾರು, ಅವರು ಯಾವಾಗ ನಿವೃತ್ತರಾಗುತ್ತಾರೆ ಎಂದು ವಿಚಾರಿಸಿ. ಡ್ರಾಯಿಂಗ್ ಸಿಗದಿದ್ದರೆ ಒಂದು ನೋಟ್‌ಬುಕ್ ಹಿಡಿದು ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ಹೇಳುವುದನ್ನು ಬರೆದು, ಕೆಳಗೆ ತಾರೀಖು ಹಾಕಿ, ಆ ಪುಸ್ತಕವನ್ನು ಯಂತ್ರದ ಬಳಿಯಲ್ಲಿಯೇ ಇಟ್ಟು ಬನ್ನಿ.